ಶ್ರೀಮಾನ್ ಒಂದು ಗಂಟೆ ಐದು ನಿಮಿಷ ಅವರಿಗೊಂದು ಬಹಿರಂಗ ಪತ್ರ

ಶ್ರೀಮತ್ ಸಕಲಗುಣಸಂಪನ್ನರೂ ತೀರ್ಥರೂಪು ಸಮಾನರೂ ಆದ ಶ್ರೀಮಾನ್ ಒಂದು ಗಂಟೆ ಐದು ನಿಮಿಷ ಅವರ ದಿವ್ಯ ಸನ್ನಿಧಿಗೆ,

ವಾಸ: ಬೆಂಗಳೂರು–ಮಂಗಳೂರು ವಿಮಾನದ ಟಿಕೆಟ್ಟು, ಎರಡು ಊರಿನ ಹೆಸರುಗಳ ನಡುವೆ, ಪುಟಾಣಿ ವಿಮಾನದ ಚಿತ್ರದ ಕೆಳಗೆ.

ಘಟ್ಟದ ಕೆಳಗೆ ಹುಟ್ಟಿ, ಹೊಟ್ಟೆಪಾಡಿಗಾಗಿ ಘಟ್ಟದ ಮೇಲೆ ನೆಲೆಸಿರುವ ವಿಧೇಯ ಪ್ರಯಾಣಿಕ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ. ತಾವು ಕ್ಷೇಮವೇ ಎಂದು ಕೇಳಿದರೆ ಅಧಿಕಪ್ರಸಂಗವಾದೀತು. ಮಳೆ ಹೊಯ್ಯಲಿ, ಮಂಜು ಕವಿಯಲಿ, ಹೆಬ್ಬಾಳದ ಮೇಲ್ಸೇತುವೆ ತುಂಬಿ ತುಳುಕಲಿ, ತಾವು ಟಿಕೆಟ್ಟಿನ ನಡುಮಧ್ಯದಲ್ಲಿ ಒಂದು ನಿಮಿಷವೂ ಹೆಚ್ಚುಕಮ್ಮಿಯಾಗದೆ ವಿರಾಜಮಾನರಾಗಿರುತ್ತೀರಿ. ಸಂಸ್ಥೆ ಬದಲಾದಾಗ, ವಿಮಾನ ಬದಲಾದಾಗ ತಾವು ಐದು ಹತ್ತು ನಿಮಿಷ ಹಿಗ್ಗುವುದು, ಕುಗ್ಗುವುದು ಉಂಟು. ಅದು ದೊಡ್ಡವರ ಲೀಲೆ. ಭಕ್ತರು ಪ್ರಶ್ನಿಸಬಾರದು.

ಮೊದಲಿಗೆ ತಮ್ಮ ಕೀರ್ತಿಯ ವಿಷಯ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಮನೆಮನೆಯಲ್ಲೂ ತಮ್ಮ ನಾಮಸ್ಮರಣೆ ನಡೆಯುತ್ತಿದೆ. ಹಿಂದೆಲ್ಲ ಊರಿನ ಮದುವೆಗೋ ಕೋಲಕ್ಕೋ ಹೋಗಲಾಗದಿದ್ದರೆ ಹೇಳಲು ನಮ್ಮ ಬಳಿ ಮರ್ಯಾದಸ್ಥ ನೆಪಗಳಿದ್ದವು: ಬಸ್ಸಿನಲ್ಲಿ ಸೀಟಿಲ್ಲ, ರಜೆ ಸಾಲದು, ಶಿರಾಡಿಯಲ್ಲಿ ಗುಡ್ಡ ಜರಿದಿದೆ. ಕೇಳಿದವರು ಅಯ್ಯೋ ಪಾಪ ಎನ್ನುತ್ತಿದ್ದರು. ಈಗ ಚಿಕ್ಕಮ್ಮ ಫೋನಿನಲ್ಲಿ, "ಒಂದೇ ಗಂಟೆಯಲ್ವಾ ಮಾರಾಯ, ಮಧ್ಯಾಹ್ನ ಊಟಕ್ಕೆ ಬಂದು ಸಂಜೆ ಹೋದ್ರಾಯ್ತು" ಎನ್ನುತ್ತಾರೆ. ಆಫೀಸಿನ ಮೇಲಧಿಕಾರಿಗಳೂ ತಮ್ಮ ಪರಮ ಭಕ್ತರೇ. ಬೆಳಿಗ್ಗೆ ಮಂಗಳೂರಿಗೆ ಕಳಿಸಿ, ಸಂಜೆಯ ಮೀಟಿಂಗಿಗೆ ಬೆಂಗಳೂರಿನಲ್ಲಿ ಕುರ್ಚಿ ಹಾಕಿಸಿರುತ್ತಾರೆ. ನಮ್ಮ ನೆಪಗಳನ್ನೆಲ್ಲ ಒಂದೇ ಏಟಿಗೆ ಪರಿಹರಿಸಿದ ತಮ್ಮ ಋಣವನ್ನು ಯಾವ ಜನ್ಮದಲ್ಲಿ ತೀರಿಸಲಿ?

ತಮ್ಮ ತಂಗಿ ಕುಮಾರಿ ವೈಮಾನಿಕ ದೂರ ಅವರಿಗೂ ನನ್ನ ನಮಸ್ಕಾರ ತಿಳಿಸಬೇಕು. ಬೆಂಗಳೂರಿನ ದೇವನಹಳ್ಳಿ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಅವರು ಸುಮಾರು 306 ಕಿಲೋಮೀಟರ್. ಎಂಥ ಸಪೂರ ಮೈಕಟ್ಟು! ರಸ್ತೆಯಲ್ಲಿ ಹಾಸನ, ಸಕಲೇಶಪುರ, ಶಿರಾಡಿ ಎಂದು ಬಳಸಿ ಬರುವ ಅವರ ಅಕ್ಕ ಸುಮಾರು 350 ಕಿಲೋಮೀಟರಿನ ಭಾರದ ಹೆಂಗಸು. ತಂಗಿಯ ಅಳತೆ ತೆಗೆಯುವ ವಿಧಾನವೂ ಘನವಾದದ್ದೇ. ಭೂಮಿಯನ್ನು 6,371 ಕಿಲೋಮೀಟರ್ ತ್ರಿಜ್ಯದ ನುಣುಪು ಗೋಳವೆಂದು ಭಾವಿಸಿ, ಎರಡೂ ಕಡೆಯ ಅಕ್ಷಾಂಶ ರೇಖಾಂಶ ಹಿಡಿದು, ಗೋಳದ ಮೈಮೇಲೆ ಅತಿ ಹತ್ತಿರದ ಕಂಸ ಎಳೆಯುತ್ತಾರೆ. ಆ ಕಂಸ ಹೊರಡುವುದು ಪ್ರಯಾಣಿಕ ಕೂತ ಗೇಟಿನಿಂದಲ್ಲ, ಟರ್ಮಿನಲ್ಲಿನ ಬಾಗಿಲಿನಿಂದಲೂ ಅಲ್ಲ. ನಿಲ್ದಾಣದ ನೆಲದ ನಡುಮಧ್ಯಕ್ಕೆ ಹತ್ತಿರವೆಂದು ನಕ್ಷೆಯಲ್ಲಿ ಗುರುತು ಮಾಡಿದ ಒಂದು ಬಿಂದುವಿನಿಂದ ಹೊರಟು, ಅಂಥದೇ ಇನ್ನೊಂದು ಬಿಂದುವಿನಲ್ಲಿ ಮುಗಿಯುತ್ತದೆ. ಆ ಬಿಂದುಗಳಿಗೆ ನಾವು ಟಿಕೆಟ್ ಕೊಂಡು ಹೋಗುವ ಹಾಗಿಲ್ಲ, ಭದ್ರತಾ ಸಿಬ್ಬಂದಿ ಬಿಡುವುದಿಲ್ಲ. ಹೀಗೆ ಯಾರೂ ಹೊರಡದ ಜಾಗದಿಂದ ಯಾರೂ ತಲುಪದ ಜಾಗಕ್ಕೆ ಕರಾರುವಾಕ್ಕಾಗಿ 306 ಕಿಲೋಮೀಟರ್ ಇರುವುದು ನಮಗೆಲ್ಲ ಬಹಳ ನೆಮ್ಮದಿ ತಂದಿದೆ.

ವಿಮಾನವಾದರೂ ಆ ಗೆರೆಯ ಮೇಲೆ ಹೋಗುತ್ತದೆಯೇ ಎಂದು ಕೇಳುವುದು ಭಕ್ತಿಗೆ ಕಳಂಕ. ಆದರೂ ಒಂದು ಮಾತು. ದೇವನಹಳ್ಳಿಯ ರನ್‌ವೇಗಳು ಪೂರ್ವ ಪಶ್ಚಿಮವಾಗಿ ಮಲಗಿವೆ. ವಿಮಾನ ಏರಬೇಕಾದದ್ದು ಗಾಳಿಗೆ ಎದುರಾಗಿ. ಚಳಿಗಾಲದಲ್ಲಿ ಮೂಡಗಾಳಿ ಬೀಸಿದ ದಿನ ಮಂಗಳೂರಿಗೆ ಹೊರಟ ನಾವು ಮೊದಲು ಕೋಲಾರದ ದಿಕ್ಕಿಗೆ ನುಗ್ಗಿ, ಆಕಾಶದಲ್ಲಿ ದೊಡ್ಡದೊಂದು ತಿರುವು ತೆಗೆದುಕೊಂಡು, ಬಿಟ್ಟು ಬಂದ ದೇವನಹಳ್ಳಿಯನ್ನೇ ಮತ್ತೆ ಬದಿಯಿಂದ ನೋಡಿಕೊಂಡು ಪಶ್ಚಿಮಕ್ಕೆ ಹೊರಡುತ್ತೇವೆ. ಬಜ್ಪೆ ಸಮೀಪಿಸಿದ ಮೇಲೂ ಹಾಗೆಯೇ. ಅಲ್ಲಿನ ರನ್‌ವೇ ಈಶಾನ್ಯ ನೈಋತ್ಯವಾಗಿ ಓರೆಯಾಗಿದೆ, ಅದರ ನೇರಕ್ಕೆ ಬರಲು ಕೆಲವೊಮ್ಮೆ ಅರಬ್ಬೀ ಸಮುದ್ರದ ಮೇಲೊಂದು ಪ್ರದಕ್ಷಿಣೆ ಹಾಕಬೇಕು. ಈ ಹೆಚ್ಚುವರಿ ದರ್ಶನಕ್ಕೆ ತಮ್ಮ ತಂಗಿ ಒಂದು ಕಿಲೋಮೀಟರನ್ನೂ ಸೇರಿಸಿಕೊಂಡಿಲ್ಲ. ಎಂಥ ನಿಸ್ವಾರ್ಥ!

ತಮ್ಮ ಮನೆತನದ ಅಳತೆಗೋಲುಗಳ ಬಗ್ಗೆಯೂ ಎರಡು ಮಾತು ಹೇಳದಿದ್ದರೆ ತಪ್ಪಾದೀತು. ನಮ್ಮ ದೇಶ 1956ರಲ್ಲೇ ಮೆಟ್ರಿಕ್ ಪದ್ಧತಿಗೆ ಕಾನೂನು ಮಾಡಿತು. ತಮ್ಮಲ್ಲಿ ಮಾತ್ರ ಎತ್ತರಕ್ಕೆ ಅಡಿ, ದೂರಕ್ಕೆ 1.852 ಕಿಲೋಮೀಟರಿನ ನಾಟಿಕಲ್ ಮೈಲಿ, ವೇಗಕ್ಕೆ ನಾಟ್, ರನ್‌ವೇ ಉದ್ದಕ್ಕೆ ಮೀಟರ್, ಚೀಲಕ್ಕೆ ಕಿಲೋಗ್ರಾಂ. ನನ್ನ ಮಟ್ಟಿಗೆ ಈ ಪೈಕಿ ಚಾಚೂ ತಪ್ಪದೆ ಪಾಲನೆಯಾಗುವುದು ಕೊನೆಯದೊಂದೇ. ಅಮ್ಮ ಕಟ್ಟಿಕೊಟ್ಟ ಹಪ್ಪಳ, ಉಪ್ಪಿನಕಾಯಿಯಿಂದ ಚೀಲ ಅರ್ಧ ಕಿಲೋ ಹೆಚ್ಚಾದರೆ ಕೌಂಟರಿನಲ್ಲಿ ಥಟ್ಟನೆ ಗೊತ್ತಾಗುತ್ತದೆ. ಅರ್ಧ ಗಂಟೆ ಹೆಚ್ಚಾದದ್ದು ಮಾತ್ರ ಯಾವ ತಕ್ಕಡಿಗೂ ಕಾಣುವುದಿಲ್ಲ.

ಈಗ ತಮ್ಮ ಜನನದ ರಹಸ್ಯಕ್ಕೆ ಬರುತ್ತೇನೆ. ತಮ್ಮ ಹೆಸರು ಓದಿದ ಮುಗ್ಧರು, ವಿಮಾನ ನೆಲ ಬಿಟ್ಟಾಗ ತಾವು ಹುಟ್ಟಿ ನೆಲ ಮುಟ್ಟಿದಾಗ ಮುಗಿಯುತ್ತೀರೆಂದು ತಿಳಿದಿದ್ದಾರೆ. ಹಾಗಲ್ಲ. ನಿಂತ ವಿಮಾನದ ಚಕ್ರಕ್ಕೆ ಒಡ್ಡಿದ ಅಡ್ಡೆ ತೆಗೆದು ವಿಮಾನ ಜಾಗ ಬಿಟ್ಟು ಕದಲಿದಾಗ ತಮ್ಮ ಜನನ. ಆ ಕಡೆ ನಿಂತು, ಚಕ್ರಕ್ಕೆ ಮತ್ತೆ ಅಡ್ಡೆ ಕೊಟ್ಟಾಗ ತಮ್ಮ ಮುಕ್ತಾಯ. ನಡುವೆ ಹಿಂದಕ್ಕೆ ತಳ್ಳಿಸಿಕೊಳ್ಳುವುದು, ಟ್ಯಾಕ್ಸಿವೇಯಲ್ಲಿ ತೆವಳುವುದು, ರನ್‌ವೇ ಬಾಯಲ್ಲಿ ಏಳೆಂಟು ವಿಮಾನಗಳ ಹಿಂದೆ ಸಾಲು ನಿಲ್ಲುವುದು, ಇಳಿದ ಮೇಲೆ ನಿಲ್ಲಲು ಜಾಗ ಹುಡುಕುವುದು, ಎಲ್ಲವೂ ತಮ್ಮ ಹೊಟ್ಟೆಯೊಳಗೇ. ಬೆಂಗಳೂರು–ಮಂಗಳೂರು ನಡುವೆ ಜೆಟ್ ವಿಮಾನ ನಿಜವಾಗಿ ಗಾಳಿಯಲ್ಲಿರುವುದು ನಲವತ್ತು ನಿಮಿಷದ ಆಸುಪಾಸು. ಏರಿ ಮುಗಿಸುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಗಗನಸಖಿಯರು ನೀರಿನ ಬಾಟಲಿ ಹಂಚುತ್ತ ಹೋಗಿ, ಖಾಲಿ ಬಾಟಲಿ ಕೇಳುತ್ತ ಹಿಂದಿರುಗುತ್ತಾರೆ. ಉಳಿದ ಇಪ್ಪತ್ತೈದು ನಿಮಿಷ ನಾವು ಸೀಟಿನ ಬೆಲ್ಟ್ ಬಿಗಿದುಕೊಂಡು ನೆಲದ ಮೇಲೆಯೇ ಮಾಡುವ ವಿಮಾನಯಾನ.

ತಮ್ಮ ಉದಾರ ಗುಣ ಪ್ರಕಟವಾಗುವುದು ಇಲ್ಲಿಯೇ. ಎರಡು ಊರುಗಳ ವಿಮಾನ ದೂರ ಹೇಳುವ ಲೆಕ್ಕಿಗರ ಬಳಿ ಒಂದು ಸರಳ ಸೂತ್ರವಿದೆ: ದೂರವನ್ನು ಗಂಟೆಗೆ ಸುಮಾರು 800 ಕಿಲೋಮೀಟರಿನಿಂದ ಭಾಗಿಸು, ಏರುವುದಕ್ಕೂ ಇಳಿಯುವುದಕ್ಕೂ ಸೇರಿ ಅರ್ಧ ಗಂಟೆ ಕೂಡಿಸು. 306 ಕಿಲೋಮೀಟರಿಗೆ 23 ನಿಮಿಷ, ಜೊತೆಗೆ 30, ಒಟ್ಟು 53. ತಾವು ಅದರ ಮೇಲೆ ಇನ್ನೂ ಹನ್ನೆರಡು ನಿಮಿಷ ದಯಪಾಲಿಸಿದ್ದೀರಿ. ಪರೀಕ್ಷೆ ಬರೆಯುವ ಮೊದಲೇ ಹುಡುಗನಿಗೆ ಗ್ರೇಸ್ ಮಾರ್ಕು ಹಾಕಿಟ್ಟ ಹಾಗೆ. ಫಲಿತಾಂಶವೂ ಅದಕ್ಕೆ ತಕ್ಕಂತೆಯೇ ಬರುತ್ತದೆ. ಇಪ್ಪತ್ತು ನಿಮಿಷ ತಡವಾಗಿ ಹೊರಟ ವಿಮಾನ ಹೆಚ್ಚುಕಡಿಮೆ ಸಮಯಕ್ಕೇ ತಲುಪುತ್ತದೆ. ಸಮಯಕ್ಕೆ ಹೊರಟದ್ದು ಹತ್ತು ನಿಮಿಷ ಮೊದಲೇ ಬಂದು, ಸಾಧನೆಯ ಘೋಷಣೆ ಧ್ವನಿವರ್ಧಕದಲ್ಲಿ ಮೊಳಗುತ್ತದೆ. ನಾವು ಚಪ್ಪಾಳೆ ತಟ್ಟುವುದೊಂದು ಬಾಕಿ. ಆ ಮೇಲೆ ನಿಲ್ಲುವ ಜಾಗ ಖಾಲಿಯಿಲ್ಲವೆಂದು ಹತ್ತು ನಿಮಿಷ ಒಳಗೇ ಕೂರುತ್ತೇವೆ. ಉಳಿಸಿಕೊಟ್ಟ ಸಮಯವನ್ನು ಸ್ಥಳದಲ್ಲೇ ವಾಪಸು ಪಡೆಯುವ ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯನ್ನು ನಾನು ಬ್ಯಾಂಕಿನಲ್ಲೂ ಕಂಡಿಲ್ಲ.

ತಮ್ಮ ಪೂರ್ವಿಕರನ್ನೂ ಇಲ್ಲಿ ಸ್ಮರಿಸಬೇಕು. ಬಜ್ಪೆಯ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು, ಪ್ರಧಾನಿ ಜವಾಹರಲಾಲ್ ನೆಹರೂ ಅವರನ್ನು ಹೊತ್ತ ಡಕೋಟಾ ವಿಮಾನ ಬಂದಿಳಿದಾಗ. ಎರಡು ಪಂಖಗಳ ಆ ಡಕೋಟಾ ಗಂಟೆಗೆ ಸುಮಾರು 330 ಕಿಲೋಮೀಟರ್ ವೇಗದಲ್ಲಿ ಹಾರುತ್ತಿತ್ತು. ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣದಿಂದ ಬಜ್ಪೆಗೆ 300 ಕಿಲೋಮೀಟರ್ ಎಂದಿಟ್ಟುಕೊಂಡರೆ, ಲೆಕ್ಕದ ಪ್ರಕಾರ ಗಾಳಿಯಲ್ಲಿ ಒಂದು ಗಂಟೆಗೂ ಕಡಿಮೆ. ಇಂದಿನ ಜೆಟ್ಟು ಅದರ ಎರಡೂವರೆ ಪಟ್ಟು ವೇಗದ್ದು. ಏಳು ದಶಕಗಳಲ್ಲಿ ಎಂಜಿನ್ ಬದಲಾಯಿತು, ರೆಕ್ಕೆ ಬದಲಾಯಿತು, ರಾಡಾರ್ ಬಂತು, ಕಂಪ್ಯೂಟರ್ ಬಂತು. ತಾವು ಮಾತ್ರ ಒಂದು ಗಂಟೆಯ ಆಸುಪಾಸಿನಲ್ಲೇ ಅಚಲರಾಗಿ ನಿಂತಿದ್ದೀರಿ. ಪರಂಪರೆಗೆ ಇಷ್ಟು ನಿಷ್ಠರಾದವರು ಈ ಕಾಲದಲ್ಲಿ ಸಿಗುವುದು ಅಪರೂಪ.

ಇನ್ನು ತಮ್ಮ ದೊಡ್ಡಪ್ಪನ ಮಕ್ಕಳ ವಿಚಾರ. ಟಿಕೆಟ್ಟಿನ ಮೇಲೆ ಅವರ ಹೆಸರಿಲ್ಲ, ಕುಟುಂಬದ ಫೋಟೋದಲ್ಲೂ ಅವರನ್ನು ನಿಲ್ಲಿಸುವುದಿಲ್ಲ, ಆದರೆ ದುಡಿಯುವವರೆಲ್ಲ ಅವರೇ. ಮೊದಲನೆಯವರು ಬನಶಂಕರಿಯಿಂದ ದೇವನಹಳ್ಳಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದು, ಎಚ್‌ಎಎಲ್‌ನಿಂದ ಸಾರ್ವಜನಿಕ ವಿಮಾನಗಳ ಸಂಚಾರ ನಿಂತಿತು. ಅಂದಿನಿಂದ ಬೆಂಗಳೂರಿನ ದಕ್ಷಿಣ ಭಾಗದವರಿಗೆ ಒಂದು ವಿಶೇಷ ಯೋಗ ಒದಗಿದೆ. ಪಶ್ಚಿಮದಲ್ಲಿರುವ ಮಂಗಳೂರಿಗೆ ಹೋಗಲು ಮೊದಲು ಊರಿಡೀ ದಾಟಿ ಉತ್ತರಕ್ಕೆ ಹೋಗಬೇಕು. ಸಿಲ್ಕ್ ಬೋರ್ಡಿನದೋ ಮೇಖ್ರಿ ವೃತ್ತದ್ದೋ ಕೃಪೆ ಬೇಕು, ಹೆಬ್ಬಾಳದ ಪ್ರಸಾದ ಸ್ವೀಕರಿಸಬೇಕು, ಸಾದಹಳ್ಳಿಯಲ್ಲಿ ಟೋಲಿನ ಕಾಣಿಕೆ ಹಾಕಬೇಕು. ವಾಯುವಜ್ರ ಬಸ್ಸಿನಲ್ಲಿ ಕೂತು ಸಂಜೆ ಹೊತ್ತು ಹೊರಟರೆ ಎರಡು ಗಂಟೆ ಸಾಮಾನ್ಯ. ಅಷ್ಟು ಹೊತ್ತಿಗೆ ಇತ್ತ ಕಡೆ ನೆಲಮಂಗಲ ದಾಟಿದ ಬಸ್ಸು ಕುಣಿಗಲ್ಲನ್ನೂ ಹಿಂದೆ ಹಾಕಿರುತ್ತದೆ. ನಾವಿನ್ನೂ ಮಂಗಳೂರಿಗೆ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ತಾವೂ ಇನ್ನೂ ಹುಟ್ಟಿಲ್ಲ.

ಎರಡನೆಯವರು, ಮುಂಚಿತವಾಗಿ ಬರತಕ್ಕದ್ದು. ಕೌಂಟರು ಒಂದು ಗಂಟೆ ಮೊದಲು ಮುಚ್ಚುತ್ತದೆ, ಗೇಟು ಇಪ್ಪತ್ತೈದು ನಿಮಿಷ ಮೊದಲು ಮುಚ್ಚುತ್ತದೆ, ಆದ್ದರಿಂದ ಎರಡು ಗಂಟೆ ಮೊದಲೇ ಬನ್ನಿ ಎಂಬುದು ಅವರ ಆಜ್ಞೆ. ಒಳ್ಳೆಯದೇ. ಟರ್ಮಿನಲ್ಲಿನಲ್ಲಿ ಬಿದಿರಿನ ಅಲಂಕಾರವಿದೆ, ತೂಗುಬಿಟ್ಟ ಹಸಿರಿದೆ, ಊರಿನಲ್ಲಿ ಸಿಗುವ ಕಾಫಿಯ ಹಲವು ಪಟ್ಟು ಬೆಲೆಯ ಕಾಫಿಯಿದೆ. ಲ್ಯಾಪ್‌ಟಾಪು ಹೊರತೆಗೆದು, ಬೆಲ್ಟು ಬಿಚ್ಚಿ, ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಮೇಲೆತ್ತಿ ನಿಲ್ಲುವ ವಿನಯವನ್ನು ಯಾವ ಗುರುಕುಲವೂ ಕಲಿಸಲಾರದು. ಗೇಟು ಮುಚ್ಚುವ ಮೊದಲು ಓಡಿ ಬಂದವರನ್ನು ಬಸ್ಸಿಗೆ ಹತ್ತಿಸಿ, ವಿಮಾನದ ಬುಡದಲ್ಲಿ ಬಾಗಿಲು ತೆರೆಯದೆ ನಿಲ್ಲಿಸುತ್ತಾರೆ. ಇಲ್ಲಿ ಒಂದು ಸೂಕ್ಷ್ಮ ಧರ್ಮವಿದೆ. ನಾನು ಒಂದು ನಿಮಿಷ ತಡಮಾಡಿದರೆ ವಿಮಾನ ನನ್ನನ್ನು ಬಿಟ್ಟು ಹೋಗುತ್ತದೆ. ವಿಮಾನ ಒಂದು ಗಂಟೆ ತಡಮಾಡಿದರೆ ನಾನು ಅದನ್ನು ಬಿಟ್ಟು ಹೋಗುವಂತಿಲ್ಲ. ಸಹನೆಯನ್ನು ಬಡವರಿಗೂ ಶಿಸ್ತನ್ನು ಪ್ರಯಾಣಿಕರಿಗೂ ಹಂಚಿದ ವಿಧಿಯನ್ನು ನಾನು ದೂರಲಾರೆ.

ಮೂರನೆಯವರು ಆ ಕಡೆಯ ದಡದಲ್ಲಿ ಕಾಯುತ್ತಾರೆ. ವಿಮಾನ ಇಳಿಯಿತು, ತಾವು ಮುಕ್ತಾಯಗೊಂಡಿರಿ, ದಾಖಲೆಯಲ್ಲಿ ನಾನು ತಲುಪಿದೆ. ವಾಸ್ತವದಲ್ಲಿ ನಾನು ಬೆಲ್ಟಿನ ಮುಂದೆ ನಿಂತು, ಬೇರೆಯವರ ನೀಲಿ ಚೀಲ ನನ್ನದೇ ಎಂಬ ಆಸೆಯಿಂದ ನೋಡುತ್ತಿದ್ದೇನೆ. ಅಲ್ಲಿಂದ ಕೆಂಜಾರು ಗುಡ್ಡ ಇಳಿದು ಕಾವೂರು ದಾಟಿ ಮಂಗಳೂರು ಪೇಟೆ ಸೇರಬೇಕು. ಅದೃಷ್ಟವಂತರು ಪೇಟೆಯವರು. ಉಪ್ಪಿನಂಗಡಿಯವರ ಪಾಡು ಕೇಳಿ. ರಾತ್ರಿ ಬಸ್ಸು ಶಿರಾಡಿ ಇಳಿದು ಮೊದಲು ಅವರ ಮನೆ ಬಾಗಿಲಿಗೇ ಬರುತ್ತದೆ, ಆಮೇಲೆ ಮಂಗಳೂರು. ತಮ್ಮನ್ನು ನಂಬಿ ವಿಮಾನ ಹತ್ತಿದವರಾದರೋ ತಮ್ಮ ಮನೆಯ ಹೆಂಚು, ಬಾವಿ, ಅಡಿಕೆ ತೋಟ ಎಲ್ಲವನ್ನೂ ಆಕಾಶದಲ್ಲೇ ಹಿಂದೆ ಹಾಕಿ, ಪಶ್ಚಿಮದ ತುದಿಯಲ್ಲಿಳಿದು, ಬಂದ ದಿಕ್ಕಿಗೇ ಐವತ್ತು ಕಿಲೋಮೀಟರ್ ಹಿಂದಕ್ಕೆ ಟ್ಯಾಕ್ಸಿ ಮಾಡುತ್ತಾರೆ. ಆ ಟ್ಯಾಕ್ಸಿ ತೆಗೆದುಕೊಳ್ಳುವ ಹೊತ್ತು ತಮಗಿಂತ ಕಿರಿದೇನಲ್ಲ.

ಬನಶಂಕರಿಯವನೊಬ್ಬ ಸಂಜೆ ಹೊರಟು ಮಂಗಳೂರು ಪೇಟೆಯ ಹಂಪನಕಟ್ಟೆಗೆ ಹೋಗುತ್ತಾನೆಂದು ಇಟ್ಟುಕೊಂಡು, ತಮ್ಮ ಅವಿಭಕ್ತ ಕುಟುಂಬವನ್ನು ಸಾಲಾಗಿ ನಿಲ್ಲಿಸಿ ಕೂಡಿ ನೋಡಿದೆ. ನಿಲ್ದಾಣ ತಲುಪಲು ಎರಡು ಗಂಟೆ. ಅಲ್ಲಿ ಕಾಯಲು ಒಂದೂಮುಕ್ಕಾಲು. ತಾವು ಒಂದು ಗಂಟೆ ಐದು ನಿಮಿಷ. ಇಳಿದು ಹೊರಬರಲು ಇಪ್ಪತ್ತೈದು ನಿಮಿಷ. ಗುಡ್ಡದಿಂದ ಪೇಟೆಗೆ ಮುಕ್ಕಾಲು ಗಂಟೆ. ಒಟ್ಟು ಆರು ಗಂಟೆ. ತಮ್ಮ ತಂಗಿಯ 306 ಕಿಲೋಮೀಟರನ್ನು ಆರರಿಂದ ಭಾಗಿಸಿದರೆ ಗಂಟೆಗೆ 51. ರಾತ್ರಿ ಬಸ್ಸು 350 ಕಿಲೋಮೀಟರನ್ನು ಎಂಟು ಗಂಟೆಯಲ್ಲಿ ಮುಗಿಸಿದರೆ ಗಂಟೆಗೆ ಸುಮಾರು 44. ಗಂಟೆಗೆ 800 ಕಿಲೋಮೀಟರ್ ಹಾರುವ ಯಂತ್ರ, ಅದರ ಹಿಂದೆ ನಿಂತ ಎರಡು ನಿಲ್ದಾಣ, ರಾಡಾರ್, ಹವಾಮಾನ ಇಲಾಖೆ, ಇಂಧನ ಟ್ಯಾಂಕರು, ಎಲ್ಲ ಸೇರಿ ನನ್ನನ್ನು ಬಸ್ಸಿಗಿಂತ ಗಂಟೆಗೆ ಏಳು ಕಿಲೋಮೀಟರ್ ಮುಂದೆ ಇಟ್ಟಿವೆ. ಬಸ್ಸಿನ ಪ್ರಯಾಣಿಕ ನಿದ್ದೆಯಲ್ಲಿದ್ದ, ನಾನು ಎಚ್ಚರವಿದ್ದೆ ಎಂಬ ವ್ಯತ್ಯಾಸವನ್ನೂ ಸೇರಿಸಿದರೆ ಯಾರು ಮುಂದೆ ಎಂದು ತಾವೇ ನಿರ್ಣಯಿಸಬೇಕು.

ಒಂದು ವಿಷಯದಲ್ಲಿ ನನ್ನ ವ್ಯಂಗ್ಯವನ್ನು ಬದಿಗಿಡುತ್ತೇನೆ. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯಲ್ಲಿದೆ, ಅಂಚಿನಾಚೆ ಕಮರಿ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಅಲ್ಲಿ ರನ್‌ವೇ ದಾಟಿ ಹೋಗಿ 158 ಜನ ತೀರಿಕೊಂಡರು, ಬದುಕಿ ಬಂದವರು ಎಂಟೇ ಮಂದಿ. ನಮ್ಮ ಕಡೆ ಆ ದಿನವನ್ನು ಮರೆತ ಊರಿಲ್ಲ. ಆದ್ದರಿಂದ ಆಷಾಢದ ಮಳೆಯಲ್ಲಿ ರನ್‌ವೇ ಕಾಣದಿದ್ದಾಗ ಪೈಲಟ್ ಸುತ್ತು ಹಾಕಲಿ, ಕಣ್ಣೂರಿಗೆ ಹೋಗಲಿ, ಕೊಚ್ಚಿಗೆ ಹೋಗಲಿ, ಹೊರಟ ಬೆಂಗಳೂರಿಗೇ ಮರಳಲಿ, ಅವರಿಗೆ ಕೈ ಮುಗಿಯುತ್ತೇವೆ. ಕಾಯುವುದಕ್ಕೆ ನಮ್ಮ ತಕರಾರಿಲ್ಲ. ಮಳೆ ನಾಡಿನ ನಿಲ್ದಾಣಕ್ಕೆ ಮಳೆಗಾಲದಲ್ಲೂ ಬೇಸಿಗೆಯ ಅಂಕಿಯನ್ನೇ ಅಂಟಿಸಿ, ಪ್ರತಿ ಸಲವೂ ಮಳೆಯನ್ನು ಅನಿರೀಕ್ಷಿತ ಅತಿಥಿ ಎಂಬಂತೆ ಪರಿಚಯಿಸುತ್ತೀರಲ್ಲ, ಅದಕ್ಕೆ ಮಾತ್ರ. ಜೂನ್ ಒಂದರ ಹೊತ್ತಿಗೆ ಮುಂಗಾರು ಕೇರಳ ಮುಟ್ಟುತ್ತದೆಂಬುದು ನಮ್ಮ ಶಾಲೆ ಮಕ್ಕಳಿಗೂ ಗೊತ್ತು.

ತಾವು ತಡವಾದಾಗ ಅನ್ವಯಿಸುವ ನಿಯಮಗಳನ್ನೂ ಭಕ್ತಿಯಿಂದ ಓದಿದ್ದೇನೆ. ಹದಿನೈದು ನಿಮಿಷದೊಳಗೆ ಬಂದರೆ ಅದು ತಡವೇ ಅಲ್ಲ, ಸಕಾಲ. ಎರಡೂವರೆ ಗಂಟೆಯೊಳಗಿನ ಪ್ರಯಾಣವಾದರೆ ಎರಡು ಗಂಟೆ ತಡವಾದ ಮೇಲೆ ತಿಂಡಿ, ಪಾನೀಯ ಸಿಗತಕ್ಕದ್ದು. ಅಂದರೆ ತಾವು ತಮ್ಮ ಹೆಚ್ಚುಕಡಿಮೆ ಎರಡರಷ್ಟು ತಡವಾದಾಗ ನನಗೊಂದು ಸ್ಯಾಂಡ್‌ವಿಚ್ಚಿನ ಅರ್ಹತೆ ಬರುತ್ತದೆ. ಮುನ್ಸೂಚನೆಯಿಲ್ಲದೆ ವಿಮಾನವೇ ರದ್ದಾದರೆ ಪರಿಹಾರವೂ ಉಂಟು. ಒಂದು ಗಂಟೆಯೊಳಗಿನವರಿಗೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಯವರಿಗೆ 7,500, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ತಮ್ಮ ಹೆಸರಿನ ಬಾಲದಲ್ಲಿರುವ ಐದು ನಿಮಿಷ ನನ್ನನ್ನು ಮೇಲಿನ ದರ್ಜೆಗೆ ಏರಿಸಿದ್ದನ್ನು ಕಂಡು ಕಣ್ಣು ತುಂಬಿ ಬಂತು. ಕೊನೆಯ ಮಾತು ಓದಿದ ಮೇಲೆ ಒರೆಸಿಕೊಂಡೆ. ನನ್ನ ಟಿಕೆಟ್ಟಿನ ಮೂಲ ದರ ಅದಕ್ಕಿಂತ ಬಹಳ ಕೆಳಗಿತ್ತು. ಹವಾಮಾನದ ಕಾರಣವಾದರೆ ಅದೂ ಇಲ್ಲ.

ತಮ್ಮನ್ನು ಹೊಗಳುವ ಭರದಲ್ಲಿ ತಮ್ಮ ಬಡ ಬಂಧುಗಳನ್ನು ಮರೆಯಲಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನ ತನಕ 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳನ್ನು ದಾಟುತ್ತ ರೈಲು ತೆವಳುತ್ತದೆ. ನಿಧಾನವೆಂದು ಅದೇ ಒಪ್ಪಿಕೊಳ್ಳುತ್ತದೆ, ವೇಳಾಪಟ್ಟಿಯಲ್ಲಿ ಬರೆದೂ ಇದೆ. ಹೊರಡುವುದು ಊರೊಳಗಿನಿಂದ, ತಲುಪುವುದೂ ಊರೊಳಕ್ಕೆ. ರಾತ್ರಿ ಬಸ್ಸಿಗೆ ಹದಿನೈದು ನಿಮಿಷ ಮೊದಲು ಬಂದರೆ ಸಾಕು, ಮೂಲೆಯಂಗಡಿಯಲ್ಲಿ ಬಾಳೆಹಣ್ಣು ಕೊಳ್ಳುವವನಿಗಾಗಿ ಕಂಡಕ್ಟರು ಸೀಟಿ ಊದಿ ಕರೆಯುತ್ತಾರೆ. ಅವರಿಬ್ಬರೂ ಪ್ರಯಾಣಿಕನ ಹೊತ್ತನ್ನು ಮನೆಯಿಂದ ಮನೆಗೆ ಅಳೆಯುತ್ತಾರೆಂದಲ್ಲ. ಅವರು ಬಿಟ್ಟ ಲೆಕ್ಕ ಒಂದು ಆಟೊ ದೂರದ್ದು, ತಾವು ಬಿಟ್ಟ ಲೆಕ್ಕ ಐದು ಗಂಟೆಯದ್ದು. ಪ್ರಯಾಣದ ಅವಧಿ ಎಂಬ ಬಿರುದು ಮಾತ್ರ ಮೂವರಿಗೂ ಒಂದೇ.

ನನ್ನ ದೂರಿನ ಸಾರ ಇಷ್ಟೇ, ಮಹಾಸ್ವಾಮಿ. ತಾವು ಸುಳ್ಳುಗಾರರಲ್ಲ. ತಾವು ಹೇಳುವುದು ವಿಮಾನದ ಸಮಯ. ಅದನ್ನು ನನ್ನ ಸಮಯವೆಂದು ಮಾರುತ್ತಾರೆ, ಅದಕ್ಕೆ ತಾವು ಬೇಡವೆನ್ನುವುದಿಲ್ಲ. ವಿಮಾನ ಕಾದರೆ ಖರ್ಚು, ಅದಕ್ಕೊಂದು ಲೆಕ್ಕಪುಸ್ತಕ, ಆ ಪುಸ್ತಕಕ್ಕೊಬ್ಬ ಅಧಿಕಾರಿ. ನಾವು ಕಾದರೆ ಖರ್ಚಿಲ್ಲ, ಬದಲಿಗೆ ಕಾಫಿ ಅಂಗಡಿಗೆ ಆದಾಯ. ಹಾಗಾಗಿ ಕಾಯುವ ಹೊತ್ತೆಲ್ಲ ಮೆಲ್ಲಗೆ ವಿಮಾನದ ಕಡೆಯಿಂದ ನಮ್ಮ ಕಡೆಗೆ ಜಾರಿ ಬಂದಿದೆ. ತಾವು ಸಪೂರವಾಗಿಯೇ ಉಳಿದಿದ್ದೀರಿ, ನಮ್ಮ ದಿನ ಊದಿಕೊಂಡಿದೆ.

ಆದ್ದರಿಂದ ತಮ್ಮ ಪಾದಕ್ಕೆ ಮೂರು ವಿನಮ್ರ ಬಿನ್ನಹಗಳು. ಒಂದು, ತಮ್ಮ ಹೊಟ್ಟೆಯಲ್ಲಿರುವುದನ್ನು ಬಿಡಿಸಿ ಅಚ್ಚು ಹಾಕಿಸಿ: ಗಾಳಿಯಲ್ಲಿ ಇಷ್ಟು, ನೆಲದಲ್ಲಿ ಇಷ್ಟು. ಚಿಪ್ಸಿನ ಪೊಟ್ಟಣದ ಮೇಲೂ ನಿವ್ವಳ ತೂಕ ಬೇರೆ ಬರೆದಿರುತ್ತದೆ. ಎರಡು, ಮಳೆಗಾಲಕ್ಕೊಂದು ಅಂಕಿ, ಬೇಸಿಗೆಗೊಂದು ಅಂಕಿ ಇರಲಿ. ಊರಿನವರಿಗೆ ಛತ್ರಿ ಹಿಡಿಯುವುದು ಹೊಸದಲ್ಲ, ತಾವೂ ಹಿಡಿದರೆ ಮಾನ ಹೋಗುವುದಿಲ್ಲ. ಮೂರು, ಎರಡು ಗಂಟೆ ಮೊದಲು ಬನ್ನಿ ಎಂಬ ಆಜ್ಞೆಯನ್ನು ಷರತ್ತುಗಳ ಪುಟದ ಕೊನೆಯಿಂದ ಎತ್ತಿ ತಮ್ಮ ಪಕ್ಕದಲ್ಲೇ, ತಮ್ಮಷ್ಟೇ ದೊಡ್ಡ ಅಕ್ಷರದಲ್ಲಿ ಕೂರಿಸಿ. ಚಿಕ್ಕಮ್ಮನಿಗೆ ಆ ಟಿಕೆಟ್ಟಿನ ಫೋಟೋ ಕಳಿಸುವುದೊಂದು ಕೆಲಸ ನನ್ನದು.

ಮಾತಿನಲ್ಲಿ ಹೆಚ್ಚುಕಮ್ಮಿಯಾಗಿದ್ದರೆ ಕ್ಷಮಿಸಬೇಕು. ಉತ್ತರದ ನಿರೀಕ್ಷೆಯಲ್ಲಿರುತ್ತೇನೆ. ಅದು ಹದಿನೈದು ನಿಮಿಷ ತಡವಾಗಿ ಬಂದರೂ ಸಕಾಲಕ್ಕೆ ಬಂತೆಂದೇ ಬರೆದುಕೊಳ್ಳುತ್ತೇನೆ. ಎರಡು ಗಂಟೆ ಮೀರಿದರೆ ಸ್ಯಾಂಡ್‌ವಿಚ್ ಕಳಿಸಿಕೊಡಿ.

ಇಂತಿ ತಮ್ಮ ಆಜ್ಞಾಧಾರಕ,
ಗೇಟಿನ ಮುಂದೆ ಕೂತ ಪ್ರಯಾಣಿಕರ ಪರವಾಗಿ ಒಬ್ಬ

ತಾ.ಕ.: ಈ ಪತ್ರದ ಒಂದು ಪ್ರತಿಯನ್ನು ತಮ್ಮ ಬಜ್ಪೆಯ ಠಿಕಾಣಿಗೆ ಮುಟ್ಟಿಸಲೆಂದು ಮೆಜೆಸ್ಟಿಕ್ಕಿನಲ್ಲಿ ರಾತ್ರಿ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟಿದ್ದೇನೆ. ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ಕೇಳಿದೆ. "ಘಾಟಿ ಸರಿ ಇದ್ರೆ ಬೆಳಿಗ್ಗೆ ಸಾರ್" ಎಂದರು. ಮಂಗಳೂರು ತಲುಪುವ ಹೊತ್ತಿನ ಬಗ್ಗೆ ಇಷ್ಟು ನಂಬುವಂಥ ಮಾತು ಕೇಳಿ ಬಹಳ ಕಾಲವಾಗಿತ್ತು.